ಗೆರೆ ದಾಟಿದವರು, ಗೆರೆ ಕಾಯ್ದವರು

1941ರಲ್ಲಿ ಅಮೆರಿಕದ ದಕ್ಷಿಣದ ಲೂಸಿಯಾನ ರಾಜ್ಯದಲ್ಲಿ ಓಡುತ್ತಿದ್ದ ಒಂದು ರೈಲು. ಅದರಲ್ಲಿ ಬಿಳಿಯರಿಗೆಂದೇ ಮೀಸಲಿಟ್ಟ ಬೋಗಿ. ಆ ಬೋಗಿಯಲ್ಲಿ ಮಂಗಳೂರಿನ ಹೆಣ್ಣುಮಗಳೊಬ್ಬರು ಕೂತಿದ್ದರು. ಹೆಸರು ಕಮಲಾದೇವಿ ಚಟ್ಟೋಪಾಧ್ಯಾಯ. ಟಿಕೆಟ್ ಕಲೆಕ್ಟರ್ ಬಂದು, ಅವರ ಮೈಬಣ್ಣ ನೋಡಿ, ಎದ್ದು ಬೇರೆ ಬೋಗಿಗೆ ಹೋಗಲು ಹೇಳಿದ. ಕಮಲಾದೇವಿ ಏಳಲಿಲ್ಲ. ಹೋದವನು ಮತ್ತೆ ಬಂದ. ಯಾವ ದೇಶದವರು ಎಂದು ಕೇಳಿದ. ನ್ಯೂಯಾರ್ಕಿನಿಂದ ಬಂದಿದ್ದೇನೆ ಎಂದರು. ಅದಲ್ಲ, ಮೂಲ ಯಾವುದು ಎಂದು ಅವನು ಪಟ್ಟು ಹಿಡಿದ. ಅದರಿಂದ ವ್ಯತ್ಯಾಸವೇನೂ ಆಗುವುದಿಲ್ಲ, ನಾನು ಬಣ್ಣದವಳು ಎಂಬುದು ಕಣ್ಣಿಗೆ ಕಾಣುತ್ತಿದೆ, ಇಲ್ಲಿಂದ ಏಳುವ ಮನಸ್ಸು ನನಗಿಲ್ಲ ಎಂಬರ್ಥದ ಉತ್ತರ ಕೊಟ್ಟು ಅವರು ಕೂತೇ ಇದ್ದರು. ಆತ ಮತ್ತೆ ಅವರ ತಂಟೆಗೆ ಬರಲಿಲ್ಲ.

ಎದುರಿಗಿದ್ದವನು ಅವರಿಗೊಂದು ಬಾಗಿಲು ತೆರೆದಿಟ್ಟಿದ್ದ. ‘ಇಂಡಿಯಾ’ ಎಂಬ ಒಂದೇ ಮಾತು ಹೇಳಿದ್ದರೆ ಆ ಕಿರಿಕಿರಿ ಅಲ್ಲಿಗೇ ಮುಗಿಯುತ್ತಿತ್ತು. ಅಲ್ಲಿನ ಪ್ರತ್ಯೇಕತೆಯ ಕಾನೂನುಗಳನ್ನು ಮಾಡಿದ್ದೇ ಗುಲಾಮರಾಗಿದ್ದ ಕರಿಯರ ಮಕ್ಕಳು ಮೊಮ್ಮಕ್ಕಳನ್ನು ದೂರ ಇಡಲು. ಹೊರದೇಶದಿಂದ ಬಂದ ಭಾರತೀಯನನ್ನು ನೋಡಿದರೆ ಅಲ್ಲಿನ ಅಧಿಕಾರಿ ತಬ್ಬಿಬ್ಬಾಗಿ ಬಿಟ್ಟುಬಿಡುವುದೂ ಉಂಟಿತ್ತು. ಇದನ್ನು ಕರಿಯರೂ ಬಲ್ಲರು. ಜೆಸ್ಸಿ ರೌಟಿ ಎಂಬ ಕರಿಯ ಪಾದ್ರಿ 1947ರಲ್ಲಿ ತಲೆಗೆ ಮುಂಡಾಸು ಸುತ್ತಿ ಅಲಬಾಮದ ಮೊಬೀಲ್ ನಗರಕ್ಕೆ ಹೋದರು. ಕರಿಯರನ್ನು ಹೊಸ್ತಿಲೊಳಗೆ ಬಿಡದ ಹೋಟೆಲುಗಳು ಮುಂಡಾಸು ಕಂಡು ಅವರನ್ನು ಗೌರವದಿಂದ ಕೂರಿಸಿದವು. ಜಾನ್ ರೋಲಂಡ್ ರೆಡ್ ಎಂಬ ಕರಿಯ ಸಂಗೀತಗಾರ ಕೋರ್ಲಾ ಪಂಡಿತ್ ಎಂದು ಹೆಸರಿಟ್ಟುಕೊಂಡು, ದೆಹಲಿಯಲ್ಲಿ ಹುಟ್ಟಿದವನು ಎಂದು ಹೇಳಿಕೊಂಡು, ಲಾಸ್ ಏಂಜಲೀಸಿನ ಟೆಲಿವಿಷನ್‌ನಲ್ಲಿ ಆರ್ಗನ್ ನುಡಿಸಿ ಹೆಸರಾದ. 1998ರಲ್ಲಿ ತೀರಿಕೊಳ್ಳುವವರೆಗೂ ಅವನು ಭಾರತೀಯನಾಗಿಯೇ ಉಳಿದ. ಕರಿಯನು ಭಾರತೀಯನೆಂದು ನಟಿಸಿ ಉಳಿದುಕೊಳ್ಳಬೇಕಿದ್ದ ನಾಡಿನಲ್ಲಿ, ನಿಜವಾದ ಭಾರತೀಯಳೊಬ್ಬಳು ಆ ರಿಯಾಯಿತಿ ತನಗೆ ಬೇಡ ಎಂದಳು. ಅದಕ್ಕೇ ಈ ಪ್ರಸಂಗ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಅದೇ ಲೂಸಿಯಾನದಲ್ಲಿ, ಅರ್ಧ ಶತಮಾನದ ಹಿಂದೆ, ಮತ್ತೊಂದು ರೈಲು ನಿಂತಿತ್ತು. 1892ರ ಜೂನ್ 7. ನ್ಯೂ ಆರ್ಲಿಯನ್ಸಿನ ಹೋಮರ್ ಪ್ಲೆಸಿ ಎಂಬ ಚಮ್ಮಾರ ಮೊದಲ ದರ್ಜೆಯ ಟಿಕೆಟ್ ಕೊಂಡು ಬಿಳಿಯರ ಬೋಗಿ ಹತ್ತಿದ. ಅವನ ಎಂಟು ಜನ ಮುತ್ತಾತ ಮುತ್ತಜ್ಜಿಯರಲ್ಲಿ ಏಳು ಜನ ಬಿಳಿಯರು, ಒಬ್ಬರು ಮಾತ್ರ ಕರಿಯರು. ನೋಡಿದವರಿಗೆ ಅವನು ಬಿಳಿಯನೇ. ಬಾಯಿ ಮುಚ್ಚಿ ಕೂತಿದ್ದರೆ ಊರು ತಲುಪುತ್ತಿದ್ದ. ಕಂಡಕ್ಟರ್ ಕೇಳಿದಾಗ ತಾನು ಬಣ್ಣದವನು ಎಂದ, ಬೋಗಿ ಬದಲಿಸಲು ಒಪ್ಪಲಿಲ್ಲ, ಬಂಧನಕ್ಕೊಳಗಾದ. 1890ರ ಪ್ರತ್ಯೇಕ ಬೋಗಿ ಕಾನೂನನ್ನು ಕೋರ್ಟಿಗೆಳೆಯಲು ಊರಿನ ನಾಗರಿಕ ಸಮಿತಿ ಮೊದಲೇ ಕೂತು ಮಾಡಿದ್ದ ಏರ್ಪಾಡು ಇದು. ವಕೀಲ ಆಲ್ಬಿಯನ್ ಟೂರ್ಜಿ ಕೋರ್ಟಿನ ಮುಂದೆ ವಿಚಿತ್ರವಾದರೂ ತುಂಬ ನಿಜವಾದ ಒಂದು ವಾದ ಇಟ್ಟರು. ಈ ದೇಶದಲ್ಲಿ ಬಿಳಿಯನೆಂಬ ಹೆಸರೇ ಒಂದು ಆಸ್ತಿ, ಅದನ್ನು ರೈಲಿನ ಕಂಡಕ್ಟರೊಬ್ಬ ಕಣ್ಣಂದಾಜಿನಲ್ಲಿ ಕಿತ್ತುಕೊಳ್ಳುವುದು ಹೇಗೆ ಎಂದು. 1896ರ ಮೇ 18ರಂದು ಸುಪ್ರೀಂ ಕೋರ್ಟು ಏಳಕ್ಕೆ ಒಂದು ಮತದಿಂದ ಪ್ಲೆಸಿಯ ವಿರುದ್ಧ ತೀರ್ಪು ಕೊಟ್ಟಿತು. ಪ್ರತ್ಯೇಕ ಬೋಗಿ, ಪ್ರತ್ಯೇಕ ಶಾಲೆ, ಪ್ರತ್ಯೇಕ ನಲ್ಲಿ ಎಲ್ಲಕ್ಕೂ ಮುಂದಿನ ಐವತ್ತೆಂಟು ವರ್ಷ ಆ ತೀರ್ಪೇ ಆಧಾರ. ಲೂಸಿಯಾನದ ಗವರ್ನರ್ ಪ್ಲೆಸಿಗೆ ಮರಣೋತ್ತರ ಕ್ಷಮೆ ಕೊಟ್ಟಿದ್ದು 2022ರ ಜನವರಿಯಲ್ಲಿ.

ಪ್ಲೆಸಿ ಬಂಧನದ ಸರಿಯಾಗಿ ಒಂದು ವರ್ಷಕ್ಕೆ, 1893ರ ಜೂನ್ 7ರ ರಾತ್ರಿ, ದಕ್ಷಿಣ ಆಫ್ರಿಕದ ಪೀಟರ್‌ಮರಿತ್ಸ್‌ಬರ್ಗ್ ನಿಲ್ದಾಣದಲ್ಲಿ ಮೋಹನದಾಸ ಗಾಂಧಿಯನ್ನು ಮೊದಲ ದರ್ಜೆಯ ಬೋಗಿಯಿಂದ ಹೊರಹಾಕಿದರು. ಇದು ನಮಗೆಲ್ಲ ಬಾಯಿಪಾಠ. ಅದರ ಮುಂದಿನ ವರ್ಷದ ಮಾತು ಅಷ್ಟಾಗಿ ಯಾರೂ ಹೇಳುವುದಿಲ್ಲ. 1894ರ ಕೊನೆಯಲ್ಲಿ ನಾಟಾಲಿನ ಶಾಸಕರಿಗೆ ಬರೆದ ಬಹಿರಂಗ ಪತ್ರದಲ್ಲಿ ಯುವಕ ಗಾಂಧಿ, ಇಂಗ್ಲಿಷರೂ ಭಾರತೀಯರೂ ಒಂದೇ ಇಂಡೋ-ಆರ್ಯನ್ ಬುಡದವರು ಎಂದು ವಾದಿಸಿದರು. ಡರ್ಬನ್ ಅಂಚೆ ಕಚೇರಿಯಲ್ಲಿ ಭಾರತೀಯರೂ ಆಫ್ರಿಕನ್ನರೂ ಒಂದೇ ಬಾಗಿಲಲ್ಲಿ ಹೋಗಬೇಕಿತ್ತು. ಭಾರತೀಯರ ಮನವಿಯ ಮೇಲೆ ಅಲ್ಲಿ ಮೂರನೆಯ ಬಾಗಿಲು ಬಂತು. ಗಾಂಧಿ ಆ ನಿಲುವಿನಿಂದ ಬಹಳ ದೂರ ನಡೆದರು, ಅದು ಅವರ ದೊಡ್ಡತನ. ಆದರೆ ಅವಮಾನವಾದಾಗ ಅವರಿಗೂ ಮೊದಲು ಹೊಳೆದದ್ದು ಗೆರೆಯನ್ನು ಅಳಿಸುವುದಲ್ಲ, ಗೆರೆಯ ಆಚೆ ಬದಿಯಲ್ಲಿ ತಮಗೊಂದು ಜಾಗ ಕೇಳುವುದು.

ನಮ್ಮ ರೈಲುಗಳಲ್ಲೂ ಗೆರೆಯಿತ್ತು. 1880ರ ದಶಕದ ಆರಂಭದಲ್ಲಿ ಬೆಂಗಳೂರಿನಿಂದ ಕೆಂಗೇರಿ ಮಾರ್ಗವಾಗಿ ಮೈಸೂರಿಗೆ ರೈಲು ಓಡತೊಡಗಿದ ಕಾಲಕ್ಕೆ, ಬ್ರಿಟಿಷ್ ಇಂಡಿಯಾದ ರೈಲುಗಳಲ್ಲಿ ಐರೋಪ್ಯರಿಗೂ ಯುರೇಷಿಯನ್ನರಿಗೂ, ಅಂದರೆ ಮುಂದೆ ಆಂಗ್ಲೋ-ಇಂಡಿಯನ್ನರೆನಿಸಿಕೊಂಡ ಮಿಶ್ರ ಸಂತತಿಯವರಿಗೂ, ಪ್ರತ್ಯೇಕ ಡಬ್ಬಿ ಕಾಯ್ದಿರಿಸುವುದು ಮಾಮೂಲಿ. ರೈಲು ಓಡಿಸುತ್ತಿದ್ದ ಡ್ರೈವರು, ಗಾರ್ಡುಗಳಲ್ಲಿ ಅನೇಕರು ಆ ಮಿಶ್ರ ಸಮುದಾಯದವರು. ಈ ಸಮುದಾಯವನ್ನು ಹುಟ್ಟಿಸಿದ್ದೂ ಕಂಪನಿ ಸರ್ಕಾರ, ದೂರ ತಳ್ಳಿದ್ದೂ ಅದೇ. 1791ರಲ್ಲಿ, ತಾಯ್ತಂದೆಯರಲ್ಲಿ ಒಬ್ಬರು ಭಾರತೀಯರಾದರೆ ಅವರ ಮಗನಿಗೆ ಕಂಪನಿಯ ಅಧಿಕಾರಿ ಹುದ್ದೆಯಿಲ್ಲ ಎಂದಾಯಿತು. 1795ರಲ್ಲಿ, ಎರಡೂ ಕಡೆಯಿಂದ ಪೂರ್ತಿ ಐರೋಪ್ಯನಲ್ಲದವನು ಸೈನ್ಯದಲ್ಲಿ ಕೊಳಲು, ಡೋಲು ಬಾರಿಸಬಹುದು, ಕುದುರೆಗೆ ಲಾಳ ಕಟ್ಟಬಹುದು, ಬಂದೂಕು ಹಿಡಿಯುವಂತಿಲ್ಲ ಎಂದಾಯಿತು. 1809ರಲ್ಲಿ ಬೆಂಗಳೂರು ದಂಡು ನೆಲೆಯೂರಿದ ಮೇಲೆ ಇಲ್ಲಿಯೂ ಈ ಸಮುದಾಯ ಬೆಳೆಯಿತು. 1882ರಲ್ಲಿ ಹತ್ತನೇ ಚಾಮರಾಜ ಒಡೆಯರ್ ಅವರು ಕೊಟ್ಟ ಜಮೀನಿನಲ್ಲಿ ವೈಟ್‌ಫೀಲ್ಡ್ ಹುಟ್ಟಿದ್ದು ಇವರ ವಸಾಹತಾಗಿ.

ಇಂಥ ಮನೆಗಳಲ್ಲಿ ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಬಣ್ಣದಲ್ಲಿ ಹುಟ್ಟುತ್ತಿದ್ದರು. ಬೆಳ್ಳಗಿರುವವನಿಗೆ ಐರೋಪ್ಯನೆಂದು ಹೇಳಿಕೊಂಡರೆ ಸಂಬಳ ಜಾಸ್ತಿ, ಕ್ಲಬ್ಬಿನ ಬಾಗಿಲು ತೆರೆಯುತ್ತಿತ್ತು. ಬ್ರಿಟಿಷರ ಜನಗಣತಿ ವರದಿಗಳು ಇದನ್ನೇ ದೂರಿಕೊಂಡವು. ಆಂಗ್ಲೋ-ಇಂಡಿಯನ್ನರು ಐರೋಪ್ಯರೆಂದು ಬರೆಸುತ್ತಾರೆ, ದೇಶೀ ಕ್ರೈಸ್ತರು ಆಂಗ್ಲೋ-ಇಂಡಿಯನ್ನರೆಂದು ಬರೆಸುತ್ತಾರೆ, ಲೆಕ್ಕ ಸರಿಹೋಗುವುದಿಲ್ಲ ಎಂದು. ಮುಂಬಯಿಯಲ್ಲಿ 1911ರಲ್ಲಿ ಹುಟ್ಟಿದ ಎಸ್ಟೆಲ್ ಮೆರ್ಲ್ ಥಾಂಪ್ಸನ್ ಎಂಬ ಹುಡುಗಿ ಲಂಡನ್ ಸೇರಿ ಮೆರ್ಲ್ ಓಬೆರಾನ್ ಆದಳು. ಹುಟ್ಟಿದೂರು ಟಾಸ್ಮೇನಿಯ ಎಂದು ಕಥೆ ಕಟ್ಟಿಸಿದಳು. ಹಾಲಿವುಡ್ಡಿನಲ್ಲಿ ಆಸ್ಕರ್ ನಾಮನಿರ್ದೇಶನದವರೆಗೆ ಏರಿದಳು. 1979ರಲ್ಲಿ ಸಾಯುವವರೆಗೂ ಆ ಕಥೆ ಬಿಡಲಿಲ್ಲ. ಇವರನ್ನು ಸುಳ್ಳುಗಾರರೆಂದು ಹಳಿಯಲು ನನಗೆ ಮನಸ್ಸು ಬರುವುದಿಲ್ಲ. ನಿಜ ಹೇಳಿದರೆ ಅನ್ನ ಹೋಗುವಂತೆ ಕಾನೂನು ಬರೆದವರು ಬೇರೆಯವರು.

1947ರ ಆಗಸ್ಟಿನಲ್ಲಿ ಮನೂರಾ ಎಂಬ ಹಡಗು ಮುಂಬಯಿಯಿಂದ ನೂರಾರು ಆಂಗ್ಲೋ-ಇಂಡಿಯನ್ನರನ್ನು ಹೊತ್ತು ಆಸ್ಟ್ರೇಲಿಯದ ಫ್ರೀಮ್ಯಾಂಟಲ್ ಬಂದರಿಗೆ ಹೋಯಿತು. ಬಿಳಿಯರು ಬರುತ್ತಾರೆಂದು ಕಾದಿದ್ದ ಅಧಿಕಾರಿಗಳಿಗೆ ಇಳಿದವರ ಮುಖಬಣ್ಣ ಕಂಡು ಗಾಬರಿಯಾಯಿತು. ಆಮೇಲೆ ಬರುವವರಿಗೆ ನಿಯಮ ಬಿಗಿಯಾಯಿತು. ಮುಕ್ಕಾಲು ಪಾಲು ಐರೋಪ್ಯ ರಕ್ತವೆಂದು ಕಾಗದದಲ್ಲಿ ತೋರಿಸಬೇಕು, ನೋಡುವುದಕ್ಕೂ ಐರೋಪ್ಯರಂತೆ ಇರಬೇಕು. ಮನೆಯ ಬೆಳ್ಳಗಿನ ಮಗಳಿಗೆ ಅನುಮತಿ ಸಿಕ್ಕಿ ಕಪ್ಪಗಿನ ಮಗ ಉಳಿದುಬಿಡುವಂಥ ನಿಯಮ ಅದು. 1901ರಲ್ಲಿ ಶುರುವಾದ ‘ಬಿಳಿ ಆಸ್ಟ್ರೇಲಿಯ’ ನೀತಿ ಪೂರ್ತಿ ಕೊನೆಯಾದದ್ದು 1973ರಲ್ಲಿ.

ಇಲ್ಲಿಯವರೆಗೆ ಹೇಳಿದ್ದು ಹೊಟ್ಟೆಪಾಡಿಗಾಗಿ, ಮಾನಕ್ಕಾಗಿ ಗೆರೆ ದಾಟಿದವರ ಮಾತು. ದಾಟಿಹೋದ ಮೇಲೆ ಅದೇ ಗೆರೆಗೆ ಕಾವಲು ನಿಂತವರ ಕಥೆ ಇದಕ್ಕಿಂತ ಕಷ್ಟದ್ದು. ಅದರಲ್ಲಿ ಲಾರೆನ್ಸ್ ಡೆನಿಸ್ ಎಂಬ ಅಮೆರಿಕನ್ನನ ಬದುಕು ನನ್ನನ್ನು ಹೆಚ್ಚು ಕಾಡಿದೆ.

1893ರ ಕ್ರಿಸ್ಮಸ್ ದಿನ ಅಟ್ಲಾಂಟದಲ್ಲಿ ಹುಟ್ಟಿದ ಮಗು. ಸಾಕಿದ್ದು ಮಿಶ್ರವರ್ಣದ ದಂಪತಿ. ಎಳೆಯ ವಯಸ್ಸಿನಲ್ಲೇ ಅವನು ಬಾಲಬೋಧಕ. ಕರಿಯರ ಚರ್ಚುಗಳಲ್ಲಿ ನಿಂತು ಉಪದೇಶ ಮಾಡುತ್ತಿದ್ದ, ಇಂಗ್ಲೆಂಡಿನವರೆಗೂ ಹೋಗಿ ಬೋಧಿಸಿ ಬಂದ, ಪತ್ರಿಕೆಗಳು ಬರೆದವು. ಹತ್ತೊಂಬತ್ತು ತುಂಬಿದ ಮೇಲೆ, 1913ರಲ್ಲಿ, ಉತ್ತರದ ಎಕ್ಸೆಟರ್ ಶಾಲೆ ಸೇರಿದ. ಅಲ್ಲಿಂದ ಹಾರ್ವರ್ಡ್. ಆ ದಾರಿಯಲ್ಲಿ ಎಲ್ಲೋ ಕರಿಯ ಹುಡುಗ ಹಿಂದೆ ಉಳಿದ, ಬಿಳಿಯ ಯುವಕ ಮುಂದೆ ನಡೆದ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿಬಂದು, 1920ರಲ್ಲಿ ಪದವಿ ಪಡೆದು, ವಿದೇಶಾಂಗ ಸೇವೆ ಸೇರಿದ. ರುಮೇನಿಯ, ಹೊಂಡುರಾಸ್, ನಿಕರಾಗುವ. ನಿಕರಾಗುವದಲ್ಲಿ ಅಮೆರಿಕದ ಸೈನ್ಯ ಕಾಲಿಟ್ಟ ರೀತಿ ಹಿಡಿಸದೆ 1927ರಲ್ಲಿ ರಾಜೀನಾಮೆ ಕೊಟ್ಟ. ವಾಲ್ ಸ್ಟ್ರೀಟಿನಲ್ಲಿ ಒಂದಷ್ಟು ಕಾಲ ಕೆಲಸ ಮಾಡಿ, ಅಲ್ಲಿನ ಸಾಲದ ವ್ಯವಹಾರದ ಬಗ್ಗೆ ರೋಸಿಹೋಗಿ ಬರೆಯತೊಡಗಿದ. ಆರ್ಥಿಕ ಕುಸಿತದ ಕಾಲ ಅದು, ಮಾತಿಗೆ ಕಿವಿ ಸಿಕ್ಕಿತು.

1936ರಲ್ಲಿ ಬಂದ ಅವನ ಪುಸ್ತಕ ಅಮೆರಿಕಕ್ಕೆ ಫ್ಯಾಸಿಸಂ ಬಂದೇ ಬರುತ್ತದೆ, ಬರಲಿ ಎಂದು ವಾದಿಸಿತು. ಅವನು ಯುರೋಪಿಗೆ ಹೋಗಿ ಮುಸ್ಸೊಲಿನಿಯನ್ನು ಕಂಡ, ನ್ಯೂರೆಂಬರ್ಗಿನ ನಾಜಿ ಸಮಾವೇಶ ನೋಡಿದ. ಅಮೆರಿಕದ ಫ್ಯಾಸಿಸ್ಟರಲ್ಲಿ ಬುದ್ಧಿವಂತರ ಸಾಲಿನ ಮೊದಲಿಗ ಎಂಬ ಹೆಸರು ಬಂತು. ಯುದ್ಧಕ್ಕೆ ಸೇರಬಾರದೆನ್ನುತ್ತಿದ್ದ ವಿಮಾನವೀರ ಚಾರ್ಲ್ಸ್ ಲಿಂಡ್‌ಬರ್ಗ್ ವಲಯಕ್ಕೂ ಹತ್ತಿರವಾದ. 1944ರಲ್ಲಿ ಸರ್ಕಾರ ಸುಮಾರು 30 ಮಂದಿ ನಾಜಿಪರರ ಮೇಲೆ ವಾಷಿಂಗ್ಟನ್ನಿನಲ್ಲಿ ರಾಜದ್ರೋಹದ ಮೊಕದ್ದಮೆ ಹೂಡಿದಾಗ ಡೆನಿಸ್ ಆರೋಪಿಗಳ ಸಾಲಿನಲ್ಲಿದ್ದ. ಅವನ ಅಕ್ಕಪಕ್ಕ ಕೂತಿದ್ದವರಲ್ಲಿ ಕರಿಯರನ್ನೂ ಯೆಹೂದ್ಯರನ್ನೂ ಕಂಡರೆ ಉರಿದುಬೀಳುವವರಿದ್ದರು. ತಮ್ಮ ಪಕ್ಕದವನು ಯಾರೆಂದು ಅವರಿಗೆ ತಿಳಿಯದು. ನ್ಯಾಯಾಧೀಶ ಐಕರ್ ಆ ವರ್ಷದ ನವೆಂಬರಿನಲ್ಲಿ ತೀರಿಕೊಂಡು ವಿಚಾರಣೆ ಅರ್ಧಕ್ಕೆ ನಿಂತಿತು. ಡೆನಿಸ್ 1977ರಲ್ಲಿ ಸತ್ತ. ಬದುಕಿರುವಾಗ ತನ್ನ ಹುಟ್ಟನ್ನು ಬಹಿರಂಗವಾಗಿ ಹೇಳಿಕೊಳ್ಳಲಿಲ್ಲ. ಇತಿಹಾಸಕಾರ ಜೆರಾಲ್ಡ್ ಹಾರ್ನ್ 2006ರಲ್ಲಿ ಬರೆದ ಜೀವನಚರಿತ್ರೆ ಆ ಎರಡು ಬದುಕುಗಳನ್ನು ಒಟ್ಟಿಗೆ ತಂದಿತು.

ಡೆನಿಸ್ ಯಾಕೆ ಹೀಗಾದ? ಅವನ 1936ರ ಪುಸ್ತಕದಲ್ಲೇ ಒಂದು ಸುಳಿವಿದೆ. ಬರಲಿರುವ ಅಮೆರಿಕದ ಫ್ಯಾಸಿಸಂ ಜನಾಂಗದ ಆಧಾರದಲ್ಲಿ ಯಾರನ್ನೂ ಪೌರತ್ವದಿಂದ ಹೊರಗಿಡಬಾರದು ಎಂಬುದು ತನ್ನ ಮನಃಪೂರ್ವಕ ಆಸೆ ಎಂದು ಅಲ್ಲಿ ಬರೆದಿದ್ದಾನೆ. ಹೊರಗಿಡುವುದೇ ಆದರೆ ಅದರ ಕೊನೆ ಗಡೀಪಾರು, ಸಂತಾನಶಕ್ತಿಹರಣ, ಸಾಮೂಹಿಕ ಕೊಲೆ ಎಂಬುದನ್ನೂ ತಣ್ಣಗೆ ಲೆಕ್ಕ ಹಾಕಿ ಹೇಳಿದ್ದಾನೆ. ಸಮಾನತೆಯ ಹೆಸರು ಹೇಳುತ್ತ ಕರಿಯರನ್ನು ಮರಕ್ಕೆ ನೇತುಹಾಕಿ ಕೊಲ್ಲುತ್ತಿದ್ದ ಪ್ರಜಾಪ್ರಭುತ್ವವನ್ನು ಅವನು ಒಳಗಿನಿಂದ ಬಲ್ಲವನು. ಆ ಬೂಟಾಟಿಕೆಯ ಮೇಲಿನ ಸಿಟ್ಟೇ ಅವನನ್ನು ಪ್ರಜಾಪ್ರಭುತ್ವದ ಶತ್ರುಗಳ ಪಾಳಯಕ್ಕೆ ಕೊಂಡೊಯ್ದಿತು ಎಂಬ ಹಾರ್ನ್ ವಾದದಲ್ಲಿ ತಿರುಳಿದೆ. ಆದರೂ ನನಗೆ ಅದು ಸಾಲದು. ಹಾರ್ವರ್ಡಿನಲ್ಲಿ, ರಾಯಭಾರ ಕಚೇರಿಯಲ್ಲಿ, ವಾಲ್ ಸ್ಟ್ರೀಟಿನಲ್ಲಿ ದಿನವೂ ಸಿಕ್ಕಿಬೀಳುವ ಭಯದಲ್ಲಿ ಬದುಕಿದವನಿಗೆ ಬಲವಂತರ ಪಕ್ಕ ನಿಲ್ಲುವುದೊಂದೇ ರಕ್ಷಣೆಯೆಂದು ತೋರಿರಬೇಕು. ತನ್ನ ಸಿಟ್ಟನ್ನು ತನ್ನವರ ಜೊತೆ ಹಂಚಿಕೊಳ್ಳುವ ದಾರಿಯನ್ನು ಅವನೇ ಮುಚ್ಚಿಕೊಂಡಿದ್ದ. ಅವನು ಹೊಗಳಿದ ಆಡಳಿತಗಳು ಲಕ್ಷಗಟ್ಟಲೆ ಜನರನ್ನು ವಂಶಾವಳಿ ನೋಡಿ ಕೊಂದವು. ಅದಕ್ಕೆ ಅವನ ದುಃಖ ವಿನಾಯಿತಿಯಾಗುವುದಿಲ್ಲ.

ಆ ವಂಶಾವಳಿಯ ಕಾನೂನುಗಳಿಗೂ ಅಮೆರಿಕದ ಬಣ್ಣದ ಕಾನೂನುಗಳಿಗೂ ನೇರ ನಂಟಿದೆ. 1934ರ ಜೂನ್ 5ರಂದು ಬರ್ಲಿನ್ನಿನಲ್ಲಿ ನಾಜಿ ಕಾನೂನು ಪಂಡಿತರು ಸೇರಿ, ಯಾರನ್ನು ಯೆಹೂದ್ಯನೆನ್ನಬೇಕು ಎಂದು ಚರ್ಚಿಸುವಾಗ ಅಮೆರಿಕದ ರಾಜ್ಯಗಳ ಅಂತರ್ವರ್ಣ ವಿವಾಹ ನಿಷೇಧಗಳನ್ನು ಮುಂದಿಟ್ಟುಕೊಂಡರು. ಒಂದು ತೊಟ್ಟು ಕರಿಯ ರಕ್ತವಿದ್ದರೂ ಕರಿಯ ಎಂಬ ಅಲ್ಲಿನ ನಿಯಮ ಅವರಲ್ಲಿ ಕೆಲವರಿಗೇ ಅತಿಯೆನಿಸಿತು. ಮರುವರ್ಷ ಬಂದ ನ್ಯೂರೆಂಬರ್ಗ್ ಕಾನೂನು ಅಜ್ಜ ಅಜ್ಜಿಯರ ಲೆಕ್ಕಕ್ಕೆ ನಿಂತಿತು. ಆ ಲೆಕ್ಕವೂ ದೊಡ್ಡವರಿಗೆ ಬೇರೆ. ಜರ್ಮನ್ ವಾಯುಪಡೆ ಕಟ್ಟಿದ ಎರ್ಹಾರ್ಡ್ ಮಿಲ್ಖ್‌ನ ತಂದೆ ಯೆಹೂದ್ಯ ಎಂಬ ದೂರು ಬಂದಾಗ, ಆತ ತನ್ನ ಹೆತ್ತ ತಂದೆಯೇ ಅಲ್ಲವೆಂದು ಕಾಗದಪತ್ರ ತಯಾರಾಯಿತು. ನಾಜಿ ಮುಖಂಡ ಗೋರಿಂಗ್ ಬೆಂಬಲಕ್ಕೆ ನಿಂತ. ಮಿಲ್ಖ್ 1940ರಲ್ಲಿ ಫೀಲ್ಡ್ ಮಾರ್ಷಲ್ ಆದ, ಯುದ್ಧ ಮುಗಿದ ಮೇಲೆ ಗುಲಾಮ ದುಡಿಮೆಯ ಅಪರಾಧಕ್ಕೆ ಶಿಕ್ಷೆಗೆ ಗುರಿಯಾದ.

ಯುದ್ಧದ ನಂತರವೂ ಈ ಕಥೆ ನಿಲ್ಲಲಿಲ್ಲ. ನ್ಯೂಯಾರ್ಕಿನ ಡಾನ್ ಬರ್ರಸ್ ಅಮೆರಿಕನ್ ನಾಜಿ ಪಕ್ಷದಲ್ಲಿದ್ದು ಆಮೇಲೆ ಕೂ ಕ್ಲಕ್ಸ್ ಕ್ಲಾನ್ ಮುಖಂಡನಾದವನು. ಅವನು ಯೆಹೂದಿ ಮನೆಯ ಮಗನೆಂದು 1965ರ ಅಕ್ಟೋಬರ್ 31ರಂದು ‘ನ್ಯೂಯಾರ್ಕ್ ಟೈಮ್ಸ್’ ಪ್ರಕಟಿಸಿತು. ಅದೇ ದಿನ ಗುಂಡು ಹಾರಿಸಿಕೊಂಡು ಸತ್ತ, ವಯಸ್ಸು 28. ಹಂಗೇರಿಯ ಯೊಬ್ಬಿಕ್ ಪಕ್ಷದ ಚಾನಾದ್ ಸೆಗೆದಿ ಯೆಹೂದ್ಯರ ವಿರುದ್ಧ ಮಾತಾಡುತ್ತಲೇ ಯುರೋಪಿನ ಸಂಸತ್ತಿಗೆ ಆಯ್ಕೆಯಾದವನು. ತನ್ನ ಅಜ್ಜಿ ಆಶ್ವಿಟ್ಜಿನಿಂದ ಬದುಕಿ ಬಂದವಳು ಎಂಬುದು 2012ರಲ್ಲಿ ಬಯಲಾಯಿತು. ಅವನು ಪಕ್ಷ ಬಿಟ್ಟ, ಯೆಹೂದಿ ಧರ್ಮಕ್ಕೆ ಮರಳಿದ, ಮುಂದೆ ಇಸ್ರೇಲಿಗೆ ಹೋದ. ಬರ್ರಸ್‌ಗೆ ಸಿಗದ ದಾರಿ ಸೆಗೆದಿಗೆ ಸಿಕ್ಕಿತು.

ಬೇರೆ ದೇಶಗಳ ಕಥೆ ಎಂದು ನಾವು ಪಕ್ಕಕ್ಕೆ ಸರಿಯುವಂತಿಲ್ಲ. ಬಿಳಿಯರಾಗುವ ಅರ್ಜಿಯನ್ನು ನಮ್ಮವರೂ ಬರೆದಿದ್ದಾರೆ, ಅದರಲ್ಲಿ ಜಾತಿಯನ್ನೇ ಪುರಾವೆಯಾಗಿ ಕೊಟ್ಟಿದ್ದಾರೆ. ಪಂಜಾಬಿನ ಭಗತ್ ಸಿಂಗ್ ತಿಂಡ್ 1913ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸೈನ್ಯದಲ್ಲಿ ಸೇವೆ ಮಾಡಿದವರು. ಆಗ ಪೌರತ್ವ ಸಿಗುತ್ತಿದ್ದದ್ದು ಬಿಳಿಯರಿಗೆ, ಆಫ್ರಿಕ ಮೂಲದವರಿಗೆ ಮಾತ್ರ. ತಿಂಡ್ ಪರ ವಾದ ಹೀಗಿತ್ತು: ಇವರು ಮೇಲ್ಜಾತಿಯ ಆರ್ಯರು, ಆದ್ದರಿಂದ ಕಕೇಶಿಯನ್ನರು. ಅಷ್ಟಕ್ಕೇ ನಿಲ್ಲಲಿಲ್ಲ. ಅಮೆರಿಕದ ಬಿಳಿಯರು ಕರಿಯರೊಡನೆ ಸಂಬಂಧ ಬೆಳೆಸಲು ಹೇಗೆ ಹೇಸುತ್ತಾರೋ ಹಾಗೆಯೇ ಮೇಲ್ಜಾತಿಯ ಹಿಂದೂ ಇಲ್ಲಿನ ಮೂಲನಿವಾಸಿಗಳೊಡನೆ ಬೀಗತನಕ್ಕೆ ಹೇಸುತ್ತಾನೆ ಎಂಬುದೂ ಅರ್ಹತೆಯ ಲೆಕ್ಕದಲ್ಲಿ ಸೇರಿತು. 1923ರ ಫೆಬ್ರವರಿ 19ರಂದು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯನೆನ್ನುತ್ತಾನೋ ಅವನೇ ಬಿಳಿಯ ಎಂದಿತು. ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರು ಅದನ್ನು ಕಳೆದುಕೊಂಡರು. ಅವರಲ್ಲೊಬ್ಬರು ವೈಷ್ಣೋದಾಸ್ ಬಗಾಯ್, 1928ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಪ್ರಾಣ ಕಳೆದುಕೊಂಡರು. ಅವರ ಸಾವಿಗೆ ಮರುಗದಿರಲಾಗದು. ಮರುಗುತ್ತಲೇ ಕೇಳಬೇಕಾದ್ದು ಇದೆ: ಊರಿನಲ್ಲಿ ಅಸ್ಪೃಶ್ಯತೆ ಆಚರಿಸುತ್ತೇವೆ ಎಂಬುದನ್ನು ನಾಚಿಕೆಯಿಲ್ಲದೆ ಯೋಗ್ಯತಾಪತ್ರವಾಗಿ ಹಿಡಿದ ಆ ವಾದ ಯಾವ ಮನೆಯಿಂದ ಬಂತು?

ಅದೇ ‘ಆರ್ಯ’ ಗರ್ವವನ್ನು ಹುಡುಕಿಕೊಂಡು ಫ್ರಾನ್ಸಿನ ಮ್ಯಾಕ್ಸಿಮಿಯಾನಿ ಪೋರ್ತಾಸ್ 1932ರಲ್ಲಿ ಭಾರತಕ್ಕೆ ಬಂದಳು. ಸಾವಿತ್ರಿ ದೇವಿ ಎಂದು ಹೆಸರು ಬದಲಿಸಿಕೊಂಡಳು, ಕಲ್ಕತ್ತೆಯಲ್ಲಿ ಮದುವೆಯಾದಳು. ಜಾತಿ ವ್ಯವಸ್ಥೆಯಲ್ಲಿ ನಾಜಿ ಆದರ್ಶದ ಹಳೆಯ ರೂಪ ಕಂಡಳು. ಹಿಟ್ಲರನನ್ನು ಅವತಾರ ಪುರುಷನೆಂದು ಸಾಯುವವರೆಗೂ ನಂಬಿದಳು. ಯುರೋಪು ಅಮೆರಿಕಗಳ ನವನಾಜಿಗಳು ಇಂದಿಗೂ ಅವಳ ಪುಸ್ತಕ ಓದುತ್ತಾರೆ. 1939ರಲ್ಲೇ ನಾಗಪುರದಲ್ಲಿ ಪ್ರಕಟವಾದ ಮಾಧವ ಸದಾಶಿವ ಗೋಳ್ವಲ್ಕರ್ ಅವರ ಹೆಸರಿನ ಪುಸ್ತಕದಲ್ಲಿ, ಯೆಹೂದ್ಯರನ್ನು ಹೊರಹಾಕಿದ ಜರ್ಮನಿಯ ಜನಾಂಗೀಯ ಅಭಿಮಾನ ಹಿಂದೂಸ್ಥಾನಕ್ಕೆ ಪಾಠವೆಂಬ ಮಾತಿತ್ತು. ಆ ಪುಸ್ತಕ ತನ್ನ ನಿಲುವಲ್ಲ ಎಂದು ರಾಷ್ಟ್ರೀಯ ಸ್ವಯಂಸೇವಕ ಸಂಘ 2006ರಲ್ಲಿ ಹೇಳಿತು. ಆದರೆ 1939ರಲ್ಲಿ ಆ ಮಾತು ಅಚ್ಚಾಯಿತು ಎಂಬುದು ಆ ಕಾಲದ ಗಾಳಿ ಎತ್ತ ಬೀಸುತ್ತಿತ್ತೆಂದು ಹೇಳುತ್ತದೆ.

ಗೆರೆ ದಾಟುವುದೆಲ್ಲ ಒಂದೇ ಬಗೆಯದಲ್ಲ. ವಾಲ್ಟರ್ ವೈಟ್ ಎಂಬುವರಿದ್ದರು. ಕೆಂಚುಗೂದಲು, ನೀಲಿ ಕಣ್ಣು, ಬೆಳ್ಳನೆಯ ಮೈ. ಅಟ್ಲಾಂಟದಲ್ಲಿ 1893ರಲ್ಲೇ ಹುಟ್ಟಿದವರು, ಡೆನಿಸ್‌ನ ಊರಿನವರು, ಅವನ ಓರಗೆಯವರು. ತನ್ನನ್ನು ಕರಿಯನೆಂದೇ ಹೇಳಿಕೊಂಡು ಕರಿಯರ ಹಕ್ಕಿನ ಸಂಘಟನೆ ಸೇರಿ 1931ರಿಂದ 1955ರವರೆಗೆ ಅದರ ಮುಖ್ಯಸ್ಥರಾಗಿದ್ದರು. ಗುಂಪು ಕೊಲೆ ನಡೆದ ಊರಿಗೆ ಬಿಳಿಯನಂತೆ ಹೋಗಿ, ಕೊಂದವರ ಬಾಯಿಂದಲೇ ನಡೆದದ್ದನ್ನು ಕೇಳಿ ಬರೆದು ಜಗತ್ತಿಗೆ ತಿಳಿಸುತ್ತಿದ್ದರು. 1919ರಲ್ಲಿ ಆರ್ಕನ್ಸಾದ ನರಮೇಧದ ತನಿಖೆಗೆ ಹೋದಾಗ ಗುಟ್ಟು ರಟ್ಟಾಗಿ, ರೈಲು ಹತ್ತಿ ತಪ್ಪಿಸಿಕೊಳ್ಳಬೇಕಾಯಿತು. ಬಿಳಿಯನಂತೆ ನಟಿಸುತ್ತಿರುವ ಕರಿಯನೊಬ್ಬ ಊರಲ್ಲಿದ್ದಾನೆ, ಇವತ್ತು ಅವನ ಕಥೆ ಮುಗಿಯುತ್ತದೆ, ನೀವು ನೋಡದೆ ಹೊರಟಿದ್ದೀರಲ್ಲ ಎಂದು ಕಂಡಕ್ಟರ್ ಅವರಿಗೇ ಹೇಳಿದನಂತೆ. ಒಂದೇ ಊರು, ಒಂದೇ ವರ್ಷ, ಇಬ್ಬರೂ ನೋಟಕ್ಕೆ ಬಿಳಿಯರು. ಒಬ್ಬ ಮುಸ್ಸೊಲಿನಿಯ ಮನೆಬಾಗಿಲಿಗೆ ಹೋದ, ಇನ್ನೊಬ್ಬ ಕೊಲೆಗಡುಕರ ನಡುವೆ ನಿಂತು ಸಾಕ್ಷಿ ಸಂಗ್ರಹಿಸಿದ.

ಕಮಲಾದೇವಿ ಸಾಗಿದ ದಾರಿಯೂ ಸುಲಭದ್ದಲ್ಲ. 1903ರ ಏಪ್ರಿಲ್ 3ರಂದು ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆಯಲ್ಲಿ ಹುಟ್ಟಿದವರು. ಎಳವೆಯಲ್ಲಿ ಮದುವೆ, ಹದಿಹರೆಯ ಮುಗಿಯುವ ಮೊದಲೇ ವೈಧವ್ಯ. ಮನೆಯವರೂ ಜಾತಿಯವರೂ ಗೊಣಗಿದರೂ ಬಂಗಾಳಿ ಮನೆತನದ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮರುಮದುವೆಯಾದರು. 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಕೆಲವೇ ಮತಗಳಿಂದ ಸೋತರು. 1930ರಲ್ಲಿ ಮುಂಬಯಿಯಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರನ್ನು ಬೀದಿಗೆ ತಂದು ಜೈಲು ಸೇರಿದರು. ಮರ್ಯಾದಸ್ಥರ ಮನೆಯ ಹೆಣ್ಣು ಸಿನಿಮಾ ಕಡೆ ತಲೆ ಹಾಕದ ಕಾಲದಲ್ಲಿ, 1931ರಲ್ಲಿ, ‘ಮೃಚ್ಛಕಟಿಕ’ದ ಮೂಕಿಚಿತ್ರದಲ್ಲಿ ನಟಿಸಿದರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷತೆ ವಹಿಸಿದರು. 1939ರಲ್ಲಿ ಮಹಿಳಾ ಸಮ್ಮೇಳನಕ್ಕೆಂದು ಕೋಪನ್‌ಹೇಗನ್ನಿಗೆ ಹೋದವರು, ಯುದ್ಧ ಶುರುವಾಗಿ, ಇಂಗ್ಲೆಂಡ್ ಹಾಯ್ದು ಅಮೆರಿಕ ಮುಟ್ಟಿದರು. ಅಲ್ಲಿ ಒಂದೂವರೆ ವರ್ಷದಷ್ಟು ಕಾಲ ಸುತ್ತಿ ಭಾರತದ ಸ್ವಾತಂತ್ರ್ಯದ ಪರ ಮಾತಾಡಿದರು. ಅಮೆರಿಕದ ಸಾಮ್ರಾಜ್ಯದಾಹದ ಮೇಲೆ 1944ರಲ್ಲಿ, ಅಮೆರಿಕದ ಬದುಕಿನ ಮೇಲೆ 1946ರಲ್ಲಿ ಪುಸ್ತಕ ಬರೆದರು. ಜಾತಿಯ ಗೆರೆಯನ್ನೂ ವಿಧವೆಯ ಗೆರೆಯನ್ನೂ ಮನೆಯಲ್ಲೇ ದಾಟಿ ಹೋದವರಿಗೆ ಲೂಸಿಯಾನದ ಗೆರೆ ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಜಾತಿಯ ಸವಲತ್ತನ್ನು ಒಮ್ಮೆ ಕಳಚಿದವರು ಬಣ್ಣದ ಸವಲತ್ತಿಗೆ ಯಾಕೆ ಕೈಚಾಚುತ್ತಾರೆ? ಇಂದು ಕೈಮಗ್ಗ, ಕರಕುಶಲದ ಹೆಸರಿನಲ್ಲಿ ಮಾತ್ರ ಅವರನ್ನು ನೆನೆಯುತ್ತೇವೆ, ಅದು ಅರ್ಧ ನೆನಪು.

ಅವರ ಸಮಾಜವಾದಿ ಸಂಗಾತಿ ರಾಮಮನೋಹರ ಲೋಹಿಯಾ, ನಮ್ಮ ಕಾಗೋಡಿನಲ್ಲಿ ಬಂಧನಕ್ಕೊಳಗಾದವರು, 1964ರ ಮೇ ತಿಂಗಳಲ್ಲಿ ಮಿಸಿಸಿಪ್ಪಿಯ ಜಾಕ್ಸನ್ ನಗರದ ಉಪಾಹಾರ ಗೃಹವೊಂದಕ್ಕೆ ಹೋದರು. ಕರಿಯರಿಗೆ ಪ್ರವೇಶವಿಲ್ಲದ ಜಾಗ ಅದು. ಹೊರಗೆ ಹೋಗಿ ಎಂದರೂ ಹೋಗದ ಅವರನ್ನು ಪೊಲೀಸರು ಹಿಡಿದರು. ಸಂಸತ್ ಸದಸ್ಯರೆಂದು ತಿಳಿದು ಅಮೆರಿಕ ಸರ್ಕಾರ ಕ್ಷಮೆ ಕೇಳಲು ಬಂದಾಗ, ಕೇಳುವುದಿದ್ದರೆ ಸ್ವಾತಂತ್ರ್ಯದೇವಿಯ ಪ್ರತಿಮೆಯ ಬಳಿ ಕೇಳಿ ಎಂಬರ್ಥದಲ್ಲಿ ಉತ್ತರಿಸಿದರು. ವಿದೇಶಿ ಗಣ್ಯನೆಂಬ ವಿನಾಯಿತಿ ಅವರಿಗೂ ಬೇಕಿರಲಿಲ್ಲ.

ನಾನು ಬದುಕುವ ಬೆಂಗಳೂರಿನ ಪಶ್ಚಿಮದಲ್ಲಿ ಮೈಬಣ್ಣದ ಗೆರೆ ಇಲ್ಲ, ಇನ್ನೊಂದಿದೆ. ವಿಜಯನಗರದ ಅಡ್ಡರಸ್ತೆಗಳಲ್ಲಿ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡಿನ ಕೆಳಗೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬರೆದಿರುತ್ತದೆ. ಮನೆ ನೋಡಲು ಹೋದರೆ ಅಡ್ವಾನ್ಸಿಗೂ ಮೊದಲು ಬರುವ ಪ್ರಶ್ನೆ, ‘ನೀವು ಯಾವ ಜನ?’ ದಲಿತ ಹುಡುಗ, ಮುಸ್ಲಿಂ ದಂಪತಿ ಅಲ್ಲೇ ನಿಂತು ಲೆಕ್ಕ ಹಾಕಬೇಕು. ಹೆಸರಿನ ಬಾಲ ಕತ್ತರಿಸಿ ಹೇಳುವುದೋ, ಊಟದ ಮಾತು ಮುಚ್ಚಿಡುವುದೋ, ಬಾಗಿಲಿಗೆ ಯಾವ ಚಿತ್ರ ಅಂಟಿಸುವುದೋ ಎಂದು. ಸುಳ್ಳು ಹೇಳಿ ಮನೆ ಹಿಡಿದವರು ಅಡಿಗೆ ಮನೆಯ ಕಿಟಕಿ ಮುಚ್ಚಿ ಸಾರು ಕುದಿಸುತ್ತಾರೆ, ಊರಿಂದ ಅಪ್ಪ ಅಮ್ಮ ಬರುತ್ತೇವೆಂದರೆ ಬೇಡವೆನ್ನಲು ನೆಪ ಹುಡುಕುತ್ತಾರೆ. ಅವರಲ್ಲಿ ಕೆಲವರು ಕ್ರಮೇಣ ಓಣಿಯ ಗಟ್ಟಿ ದನಿಯೊಡನೆ ದನಿಗೂಡಿಸಿ, ತಮ್ಮವರನ್ನೇ ಬೈಯುವ ಮೆರವಣಿಗೆಯಲ್ಲಿ ಮುಂದೆ ನಿಲ್ಲುತ್ತಾರೆ. ಅನುಮಾನ ಬಾರದಿರಲಿ ಎಂದು ಹಾಗೆ ನಿಂತವರನ್ನು ನಾನು ಕಂಡಿದ್ದೇನೆ. ಸ್ವಲ್ಪ ದೂರದಲ್ಲೇ ಬಸವಣ್ಣನವರ ಹೆಸರು ಹೊತ್ತ ಬಡಾವಣೆ ಇದೆ. ಚಮ್ಮಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟದ್ದಕ್ಕೆ ಕಲ್ಯಾಣದಲ್ಲಿ ನೆತ್ತರು ಹರಿಯಿತು ಎಂಬುದನ್ನು ಅಲ್ಲಿನ ಮಕ್ಕಳೂ ಬಲ್ಲರು. ಆ ಬಡಾವಣೆಯಲ್ಲೂ ಇದೇ ಪ್ರಶ್ನೆ ಕೇಳುತ್ತಾರೆ ಎಂಬುದು ನನಗೆ ನೋವಿನ ಸಂಗತಿ.

ಸುಳ್ಳು ಹೇಳಿದ ಬಾಡಿಗೆದಾರನನ್ನು ಹಿಡಿಯುವುದರಲ್ಲಿ ನಮಗಿರುವ ಚುರುಕು, ಸುಳ್ಳು ಹೇಳಿಸಿದ ಪ್ರಶ್ನೆಯನ್ನು ಹಿಡಿಯುವುದರಲ್ಲಿ ಇಲ್ಲ. ಮನೆ ಇರುವವರಲ್ಲಿ ನನ್ನದೊಂದು ಬೇಡಿಕೆ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಎಷ್ಟು ಜನ ಇರುತ್ತೀರಿ ಎಂದು ಕೇಳಿ. ಕಾಗದಪತ್ರ ನೋಡಿ, ಕರಾರು ಬರೆಸಿಕೊಳ್ಳಿ. ಯಾವ ಜನ ಎಂದು ಮಾತ್ರ ಕೇಳಬೇಡಿ. ನಿಮಗೆ ಜಾತಿಯ ಬಲವಿದ್ದು ಬಾಡಿಗೆಗೆ ಮನೆ ಹುಡುಕುತ್ತಿದ್ದರೆ, ಆ ಪ್ರಶ್ನೆ ನಿಮ್ಮ ಮುಂದೆ ಬಂದಾಗ ಉತ್ತರ ಹೇಳಬೇಡಿ.